ಬಳುವಳಿ ಆಕಳು, ಕೆಂಚನಗುಡ್ಡದ ಆಲದ ಮರ

ನನ್ನ ಮೊಮ್ಮಗ ಗೋಪಾಲ ದನದ ಡಾಕ್ಟರಾಗಿ ಸಿರುಗುಪ್ಪಕ್ಕೇ ಬಂದಿದ್ದಾನೆ. ಬೀದಿಯಲ್ಲಿ ಹೋಗುವ ಎಮ್ಮೆಯನ್ನೂ ನಿಲ್ಲಿಸಿ, ಅಮ್ಮಾ, ನಿನ್ನ ಡಾಕ್ಟರು ನನ್ನ ಮೊಮ್ಮಗ ಕಣೇ ಅಂತ ಹೇಳಬೇಕು ಅನ್ನಿಸುತ್ತದೆ. ಒಂದೆರಡು ಎಮ್ಮೆಗಳಿಗೆ ಹೇಳಿಯೂ ಆಯಿತು.

ಅವನ ಜೊತೆ ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಹುಡುಗರು ಮನೆಗೆ ಊಟಕ್ಕೆ ಬಂದಿದ್ದರು. “ತಾತ, ನಿಮ್ಮ ಕಾಲದಾಗ ಔಷಧ ಏನಿತ್ತು?” ಎಂದರು. “ಗಂಜಿ, ಸುಣ್ಣ, ಬೆಂಕಿ” ಅಂದೆ. ನಕ್ಕರು. ನಾನು ನಗಲಿಲ್ಲ. ನಾನು ಓದಿದ್ದು ಐಗಳ ಮನೆಯ ಜಗುಲಿಯಲ್ಲಿ, ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದ್ದಷ್ಟೇ. ಆದರೂ ಈ ಮಕ್ಕಳಿಗೆ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ. ಈ ಕೆಲಸದಲ್ಲಿ ಮೊದಲು ಕಲಿಯಬೇಕಾದದ್ದು ಬೆಚ್ಚಿಬೀಳುವುದನ್ನು. ಬೆಚ್ಚಿಬೀಳುವುದನ್ನು ಬಿಟ್ಟವನು ಈ ಕೆಲಸವನ್ನೂ ಬಿಡುವುದು ಒಳ್ಳೆಯದು.

ನಾನು ಕೆಲಸಕ್ಕೆ ಸೇರಿದಾಗ ನಾಣ್ಯದ ಮೇಲೆ ರಾಣಿಯ ಮುಖ ಇತ್ತು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಕಾಳುಕಡಿಯ ಅಂಗಡಿಗಳ ಹಿಂದೆ ಒಂದು ಬಾಡಿಗೆ ಮನೆ, ಅದೇ ಕಚೇರಿ. ದನದ ಇನಸ್ಪೆಕ್ಟರು ಶ್ರೀನಿವಾಸರಾಯರು, ನಾನು ಅವರ ಜವಾನ. ನಾವು ಗೊಲ್ಲರು, ದನ ಹಿಡಿಯುವುದು ನನಗೆ ಹೊಸದಲ್ಲ. ಔಷಧದ ಪೆಟ್ಟಿಗೆ ಹೊರುವುದು, ಗುಂಡಿ ತೋಡುವುದು, ಮೂಗುದಾರ ಹಿಡಿದು ನಿಲ್ಲುವುದು ನನ್ನ ಪಾಲಿನ ಕೆಲಸ. ರಾಯರೋ ಮಡಿವಂತ ವೈಷ್ಣವರು. ಹಣೆಗೆ ಅಂಗಾರ, ತೋಳಿಗೆ ಗೋಪಿಚಂದನದ ಮುದ್ರೆ, ಜರಿಯ ಧೋತ್ರ. ಇಂಥವರು ದನದ ಕೆಲಸ ಹೇಗೆ ಮಾಡುತ್ತಾರೆ, ದೂರ ನಿಂತು ಬೆರಳು ತೋರಿಸುತ್ತಾರೆ, ಎಂದುಕೊಂಡಿದ್ದೆ.

ಸೇರಿದ ಹೊಸದರಲ್ಲೇ ಅಂಗಡಿಸಾಲಿನ ನಡುವೆ ಬಂಡಿಯ ಎತ್ತೊಂದು ಬಿದ್ದು ಸತ್ತಿತು. ರಾಯರು ಬಂದರು. ಶಲ್ಯ ತೆಗೆದು ಬಂಡಿಯ ಮೂಕಿಗೆ ಹಾಕಿದರು. ಮಂಡಿಯೂರಿ ಕೂತು ಸತ್ತ ಎತ್ತಿನ ಬಾಯಿಗೆ ಕೈ ಹಾಕಿದರು, ಮೊಳಕೈವರೆಗೆ! ಮುದ್ರೆ ಹೊತ್ತ ಕೈ! ಅಂಗಡಿಯ ಶೆಟ್ಟರು ಗದ್ದುಗೆಯಿಂದ ಎದ್ದೇ ನಿಂತರು.

“ರಾಯರ, ಏನ್ರಿ ಇದು ಅನಾಚಾರ!”

“ಮೈಲಿಗಿ ಸ್ನಾನ ಮಾಡಿದ್ರ ಹೋಗ್ತದ ಶೆಟ್ರ. ಈ ಬ್ಯಾನಿ ಸ್ನಾನಕ್ಕ ಹೋಗೂದಲ್ಲ. ನಿಮ್ಮ ಉಳಿದ ಎತ್ತು ಎಲ್ಲವ? ಬ್ಯಾರೆ ಕಟ್ಟಸ್ರಿ ಮೊದಲ.”

ಆ ಎತ್ತಿನ ಬಾಯಿಯ ಒಳಗೆಲ್ಲ ಹುಣ್ಣು, ತವುಡು ಮೆತ್ತಿದ ಹಾಗೆ. ದೊಡ್ಡ ಬ್ಯಾನಿ ಅಂದರೆ ಇದು ಎಂದು ನನಗೆ ತೋರಿಸಿದರು. ಅವತ್ತು ರಾಯರ ತಾಯಿ ಮಗನನ್ನು ಹಿತ್ತಲ ಬಾವಿಯ ಹತ್ತಿರವೇ ತಡೆದು, ತಲೆಯ ಮೇಲೆ ಕೊಡಗಟ್ಟಲೆ ನೀರು ಸುರಿಸಿ, ಬೈದ ಬೈಗುಳ ಓಣಿಗೆಲ್ಲ ಕೇಳಿಸಿತು. ಮರುದಿನ ಮತ್ತೆ ಹೊರಟರು. ಮತ್ತೆ ಬೈಗುಳ.

ಕುರುಗೋಡಿನಲ್ಲಿ ಆದದ್ದನ್ನು ಈ ಹುಡುಗರು ಗಮನವಿಟ್ಟು ಓದಬೇಕು. ಅಲ್ಲಿ ಗಾಣದ ಎತ್ತೊಂದು ನಿಂತ ನಿಲುವಿನಲ್ಲೇ ಬಿದ್ದು ಸತ್ತಿತ್ತು. ಹೊಟ್ಟೆ ಉಬ್ಬಿತ್ತು. ಮೂಗಿನಿಂದ ಇಳಿದ ರಕ್ತ ಕಪ್ಪಗೆ, ಹೆಪ್ಪುಗಟ್ಟದೆ ಹರಿಯುತ್ತಿತ್ತು. ರಾಯರು ಹತ್ತಿರವೂ ಹೋಗಲಿಲ್ಲ. ಬಾಯಿಗೆ ಕೈ ಹಾಕಿದ ಅದೇ ರಾಯರು! “ನೆರಡಿ ರೋಗ ಇದು. ಕತ್ತಿ ತಾಗಿಸಬ್ಯಾಡ್ರಿ. ಆಳವಾಗಿ ಹುಗೀರಿ” ಎಂದರು. ಚರ್ಮ ಸುಲಿಯಲು ಬಂದವನು ನಗೆಯ ಮನುಷ್ಯ. “ಎತ್ತನ್ನ ಚಪ್ಪಲಿ ಸಮೇತ ಹುಗೀಬೇಕೇನ್ರಿ?” ಎಂದ. ಎಲ್ಲರೂ ನಕ್ಕರು. ನಾವು ಹೇಳಿ ಹೊರಟುಬಿಟ್ಟೆವು. ನಾವು ಊರ ಬಾಗಿಲು ದಾಟಿದ ಮೇಲೆ ಅವನು ಸುಲಿದನಂತೆ.

ಕೆಲವು ದಿನ ಬಿಟ್ಟು ಆ ದಾರಿಯಲ್ಲೇ ಬಂದಾಗ ಅವನು ತಾನಾಗಿಯೇ ಮುಂಗೈ ತೋರಿಸಿದ. ಸುಟ್ಟ ಕೆಂಡ ಅಂಟಿದ ಹಾಗೆ ಕಪ್ಪು ಹುಣ್ಣು, ಸುತ್ತ ಬಾವು. “ನೋವೇ ಇಲ್ರಿ ರಾಯರ, ಒತ್ತಿ ನೋಡ್ರಿ” ಎಂದು ಅದೇ ನಗೆ ನಕ್ಕ. ರಾಯರ ಮುಖ ಬೂದಿಯಾಯಿತು. ದೊಡ್ಡ ಆಸ್ಪತ್ರೆಗೆ ಹೋಗೆಂದು ಬೇಡಿಕೊಂಡರು. ಮುಂದಿನ ಸುತ್ತಿಗೆ ಹೋಗುವಷ್ಟರಲ್ಲಿ ಅವನು ತೀರಿಕೊಂಡಿದ್ದ. ಹೇಳಿ ಬಂದರೆ ಸಾಲದು, ಗುಂಡಿ ಮುಚ್ಚುವ ತನಕ ನಿಲ್ಲಬೇಕು ಎಂದು ದಾರಿಯುದ್ದಕ್ಕೂ ರಾಯರು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಹಾಗೆ ಹೇಳಿಕೊಂಡವರೇ ಕೆಂಚನಗುಡ್ಡದಲ್ಲಿ ಮತ್ತೆ ಹೇಳಿ ಹೊರಟುಬಿಟ್ಟರು.

ಕೆಂಚನಗುಡ್ಡ ಹೊಳೆಯ ದಂಡೆಯ ಊರು. ಅಲ್ಲಿ ನಮ್ಮ ಜನದವಳೇ ಹುಲಿಗೆಮ್ಮ ಅಂತ, ಗಂಡ ಇಲ್ಲ, ಕೊಟ್ಟಿಗೆ ತುಂಬ ಆಕಳು, ಒಬ್ಬನೇ ಮಗ ಈರಣ್ಣ. ಅವಳ ಆಕಳುಗಳು ಗಬ್ಬವಾಗುತ್ತವೆ, ದಿನ ತುಂಬುವ ಮೊದಲೇ ಕಂದು ಹಾಕುತ್ತವೆ, ಎಂದು ಸುದ್ದಿ ಬಂದಿತ್ತು. ನಾವು ಹೋಗಿ ಬಂಡಿ ಇಳಿಯುತ್ತಿದ್ದ ಹಾಗೆ ಹುಲಿಗೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದಳು.

“ಬ್ಯಾನಿ ಎಲ್ಲೈತಿ ಅಂತ ಹುಡುಕಾಕ ಹೋಗಬ್ಯಾಡ್ರಿ ರಾಯರ, ನಾನ ತೋರಸ್ತೀನಿ. ಅಕಾ, ಆ ಮೂಲ್ಯಾಗ ನಿಂತೈತಿ ನೋಡ್ರಿ.”

ಕೊಟ್ಟಿಗೆಯ ಮೂಲೆಯಲ್ಲಿ ಸಗಣಿಯ ಬುಟ್ಟಿ ಹಿಡಿದು ನಿಂತಿದ್ದವಳು ಅವಳ ಸೊಸೆ, ಗಂಗವ್ವ. ಇನ್ನೂ ಎಳೆಯ ಹುಡುಗಿ. ಸಿರಿಗೇರಿಯಿಂದ ತಂದ ಹೆಣ್ಣು.

“ಈಕಿ ಈ ಹೊಸ್ತಿಲಾ ತುಳದ ಮ್ಯಾಲೆ ನನ್ನ ಕೊಟ್ಟಿಗ್ಯಾಗ ಒಂದು ಕರಾ ಜೀವಂತ ಬಿದ್ದಿಲ್ರಿ. ಆಕಳದ್ದು ಹೋಗ್ಲಿ, ಈಕಿದ ಒಂದು ಹೋತು, ಹೋದ ಸುಗ್ಗ್ಯಾಗ. ಎಂಥಾ ಕಾಲ್ಗುಣ ನೋಡ್ರಿ!”

ಹೆಣ್ಣುಮಗಳ ಎದುರೇ ಹೀಗೆ ಅಂದದ್ದಕ್ಕೆ ನನ್ನ ಕೈಯಲ್ಲಿದ್ದ ಪೆಟ್ಟಿಗೆ ಜಾರಿತು. ಗಂಗವ್ವ ತಲೆ ಎತ್ತಲಿಲ್ಲ. ತನ್ನ ಪಾದಗಳನ್ನೇ ನೋಡುತ್ತಿದ್ದಳು, ಅವು ಬೇರೆ ಯಾರದೋ ಪಾದ ಎನ್ನುವ ಹಾಗೆ.

“ಹುಲಿಗೆಮ್ಮ, ನಾ ದನಾ ನೋಡ್ಲಿಕ್ಕೆ ಬಂದೀನಿ. ಸೊಸಿ ನೋಡ್ಲಿಕ್ಕೆ ಅಲ್ಲ” ಎಂದರು ರಾಯರು.

ಅವತ್ತೇ ಬೆಳಿಗ್ಗೆ ಒಂದು ಆಕಳು ಕಂದು ಹಾಕಿತ್ತು. ಅದನ್ನು ತಿಪ್ಪೆಗೆ ಎಸೆದಿದ್ದರು, ನಾಯಿಗಳು ಎಳೆದಾಡುತ್ತಿದ್ದವು. ರಾಯರು ನಾಯಿಗಳನ್ನು ಓಡಿಸಿ, ಮನೆಯವರನ್ನೆಲ್ಲ ಕರೆದು ಹೇಳಿದರು. “ಈ ಬ್ಯಾನಿ ಒಂದರಿಂದ ಒಂದಕ್ಕ ಹತ್ತೂದು. ಕಂದು, ಮಾಸು, ಏನು ಬಿದ್ರೂ ಕೊಟ್ಟಿಗಿ ಹತ್ರ ಇಡಬ್ಯಾಡ್ರಿ. ದೂರ ಒಯ್ಯಿರಿ. ನಾಯಿ ಮುಟ್ಟದಂಥಾ ಜಾಗಾದಾಗ ಹಾಕ್ರಿ.” ಹುಲಿಗೆಮ್ಮ ಎಲ್ಲಕ್ಕೂ ತಲೆಯಾಡಿಸಿದಳು. ಅಷ್ಟರಲ್ಲಿ ಸಿರುಗುಪ್ಪದ ಕಡೆ ದೊಡ್ಡ ಬ್ಯಾನಿ ಎದ್ದಿದೆ ಎಂದು ಆಳು ಓಡಿ ಬಂದ. ನಾವು ಹೊರಟೆವು.

ಮತ್ತೆ ಅಲ್ಲಿಗೆ ಹೋದದ್ದು ಬೇಸಿಗೆಯಲ್ಲಿ. ಅಷ್ಟರೊಳಗೆ ಬ್ಯಾನಿ ಹುಲಿಗೆಮ್ಮನ ಕೊಟ್ಟಿಗೆ ಬಿಟ್ಟು ಊರಿಗೆಲ್ಲ ಹರಡಿತ್ತು. ಹೊಳೆಯ ದಾರಿಯಲ್ಲಿ ದೊಡ್ಡ ಆಲದ ಮರ, ಮಧ್ಯಾಹ್ನ ಊರ ದನವೆಲ್ಲ ಅದರ ನೆರಳಿಗೆ ನಿಲ್ಲುತ್ತವೆ. ನಾವು ಬಂಡಿಯನ್ನು ಅದರ ಕೆಳಗೆ ತಂದಾಗ ಏನೋ ವಾಸನೆ ಬಡಿಯಿತು. ನಾನು ತಲೆ ಎತ್ತಿ ನೋಡಿದೆ. ಆ ನೋಟ ಇವತ್ತಿಗೂ ಕಣ್ಣಿನಿಂದ ಹೋಗಿಲ್ಲ.

ಮರದ ತುಂಬ ಹುಲ್ಲಿನ ಗಂಟುಗಳು. ನಮ್ಮಲ್ಲಿ ಆಕಳು ಈದಾಗ ಕರುವಿನ ಹಿಂದೆ ಬೀಳುವ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುವ ಪದ್ಧತಿ ಇದೆ. ಆಲಕ್ಕೆ ಹಾಲು ಬರುತ್ತದಲ್ಲ, ಆಕಳಿಗೂ ಹಾಗೇ ಬರಲಿ ಎಂದು. ಅದು ಜೀವಂತ ಕರು ಹುಟ್ಟಿದಾಗ ಮಾತ್ರ. ಸತ್ತ ಕಂದಿನದನ್ನು ಯಾರೂ ಕಟ್ಟುವುದಿಲ್ಲ. ಆದರೆ ಇಲ್ಲಿ ಅದನ್ನೂ ಕಟ್ಟಿದ್ದರು. ಹಳೆಯ ಗಂಟು, ಹೊಸ ಗಂಟು, ಕಾಗೆ ಕುಕ್ಕಿ ಹರಿದ ಗಂಟು. ತೊಟ್ಟಿಕ್ಕುತ್ತಿತ್ತು. ಕೆಳಗೆ ಊರಿನ ಗಬ್ಬದ ಆಕಳುಗಳು ಬಿದ್ದ ಹುಲ್ಲನ್ನು ಆರಿಸಿ ಮೇಯುತ್ತಿದ್ದವು.

ಅಲ್ಲಿಗೆ ಬಂದ ಹುಲಿಗೆಮ್ಮನ ಮುಖದಲ್ಲಿ ಹೆಮ್ಮೆ. “ನೀವು ಹೇಳಿದಂಗ ಮಾಡೀವ್ರಿ ರಾಯರ. ಕೊಟ್ಟಿಗಿಯಿಂದ ದೂರ ಆತು. ಅಷ್ಟು ಎತ್ತರಕ್ಕ ಯಾವ ನಾಯಿ ಬರತೈತಿ? ಊರಾಗ ಎಲ್ಲಾರಿಗೂ ನಾನ ಹೇಳೀನಿ, ಇನಸ್ಪೆಕ್ಟರ ಹುಕುಂ ಐತಿ ಅಂತ.”

ರಾಯರು ಬಂಡಿಯಿಂದ ಇಳಿದವರು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, “ತಿಮ್ಮಪ್ಪ, ನಾ ಆಡಿದ ಮಾತು ಒಂದೂ ಬಿಡದಂಗ ನಡಿಸ್ಯಾರಲ್ಲೋ” ಎಂದರು. ಹುಗಿಯಿರಿ ಎಂಬ ಒಂದು ಮಾತನ್ನು ಅವರು ಆಡಿರಲಿಲ್ಲ.

ಅಷ್ಟೇ ಆಗಿದ್ದರೆ ಗುಂಡಿ ತೋಡಿ ಮುಗಿಸುತ್ತಿದ್ದೆವು. ಆದರೆ ಅವತ್ತು ಮಧ್ಯಾಹ್ನ ಕುಲದ ಹಿರಿಯರು ಅದೇ ಮರದ ಕಟ್ಟೆಗೆ ಸೇರುವವರಿದ್ದರು. ಗಂಗವ್ವನನ್ನು ತವರಿಗೆ ಕಳಿಸಿಬಿಡುವುದು, ಈರಣ್ಣನಿಗೆ ಬೇರೆ ಹೆಣ್ಣು ನೋಡುವುದು, ಇದು ಆಗಲೇ ನಿಶ್ಚಯವಾಗಿತ್ತು. ಈರಣ್ಣನನ್ನು ಕೇಳಿದೆ. “ಅವ್ವ ಹೇಳಿದಂಗ, ಮಾವ” ಎಂದು ಹೊಳೆಯ ಕಡೆ ಮುಖ ತಿರುಗಿಸಿದ. ಒಮ್ಮೆ ಹೀಗೆ ಕಳಿಸಿದ ಹೆಣ್ಣನ್ನು ಆ ಕಾಲದಲ್ಲಿ ಯಾರೂ ಕೊಟ್ಟಿಗೆಗೂ ಸೇರಿಸುತ್ತಿರಲಿಲ್ಲ.

ರಾಯರು ಗಂಗವ್ವನನ್ನು ಕರೆಸಿದರು. “ತಂಗಿ, ಬ್ಯಾನಿ ಬರೂಕಿಂತ ಮೊದಲ ಹೊರಗಿಂದ ಯಾವುದಾದ್ರೂ ಆಕಳ ಈ ಕೊಟ್ಟಿಗಿಗೆ ಬಂದಿತ್ತೇನು?”

“ನನ್ನ ಬಳುವಳಿ ಆಕಳ ಬಂತ್ರಿ. ನಮ್ಮಪ್ಪ ಕೊಟ್ಟಿದ್ದು.”

“ಅದು ನಿಮ್ಮ ತವರಾಗ ನೆಟ್ಟಗ ಈದಿತ್ತೇನು?”

ಹುಡುಗಿ ಹಿಂದೆ ಮುಂದೆ ನೋಡಿದಳು. “ಒಂದು ಕಂದು ಹಾಕಿತ್ರಿ. ಮನಿ ಬದಲಾದ್ರ ಸರಿ ಹೋಗತೈತಿ ಅಂದ ನಮ್ಮಪ್ಪ.”

ಅತ್ತೆ ಕೂಗಿದ್ದು ನಿಜವೇ ಆಗಿತ್ತಲ್ಲ! ಈ ಹುಡುಗಿ ಬಂದ ದಿನವೇ, ಇವಳ ಹಿಂದೆಯೇ, ಇವಳದೇ ಹಗ್ಗ ಹಿಡಿದು ಬ್ಯಾನಿ ಈ ಮನೆಗೆ ಬಂದಿತ್ತು. ನಿಜ ಹೇಳಿದರೆ ಅವಳ ಬಾಳು ಹೋಯಿತು. ಹೇಳದಿದ್ದರೆ ಆ ಆಕಳು ಕೊಟ್ಟಿಗೆಯಲ್ಲೇ ಉಳಿದು ಊರ ದನ ಹೋಯಿತು. ನಾನು ರಾಯರ ಕಿವಿಯಲ್ಲಿ, “ಆಕಳ ಮಾತು ಎತ್ತಬ್ಯಾಡ್ರಿ, ನಿಮ್ಮ ಕಾಲು ಹಿಡೀತೀನಿ” ಅಂದೆ. ಅವರು ನನ್ನನ್ನು ನೋಡಿದ ರೀತಿಗೆ ನಾನು ಹಿಂದಕ್ಕೆ ಸರಿದೆ.

ಹಿರಿಯರು ಕೂತರು. ರಾಯರು ಎಲ್ಲರ ಎದುರು ನಿಂತು, “ಬ್ಯಾನಿ ಬಂದದ್ದು ಬಳುವಳಿ ಆಕಳದಿಂದ” ಎಂದರು.

ಹುಲಿಗೆಮ್ಮ ಎದ್ದು ಕೈ ತಟ್ಟಿದಳು. “ಕೇಳಿದ್ರಾ! ನಾ ಹೇಳಿದ್ದಿಲ್ಲಾ? ಓದಿದವ್ರ ಬಾಯಾಗೂ ಅದ ಬಂತು!” ಕಟ್ಟೆಯ ತುಂಬ ಗದ್ದಲ. ಗಂಗವ್ವ ಕಂಬದ ಹಾಗೆ ನಿಂತಿದ್ದಳು.

“ಕೂಡು ಹುಲಿಗೆಮ್ಮ, ಮಾತು ಮುಗದಿಲ್ಲ. ಅದು ಬಂದದ್ದು ಆಕಳ ಹೊಟ್ಟ್ಯಾಗ, ಈ ಹುಡುಗಿ ಕಾಲಾಗ ಅಲ್ಲ. ಈಕಿ ಬರದ ಬರೇ ಆಕಳ ಬಂದಿದ್ರೂ ಇದ ಆಗ್ತಿತ್ತು. ನಿನ್ನ ಕೊಟ್ಟಿಗಿಗೆ ತಂದದ್ದು ಆಕಳ. ಊರಿಗೆ ಹಂಚಿದ್ದು ನನ್ನ ಅರ್ಧ ಮಾತು, ನಿನ್ನ ಪೂರ್ತಿ ಕೈ. ಊರು ಬಿಡಸೂದಿದ್ರ ಮೂರೂ ಮಂದಿನ್ನ ಬಿಡಸ್ರಿ. ಆ ಆಕಳ, ನಾನು, ನೀನು.”

ಒಬ್ಬ ಮುದುಕ, “ರಾಯರ, ಹುಲಿಗೆಮ್ಮನ್ನ ಕರಕೊಂಡು ಹೋಗ್ರಿ, ಪುಣ್ಯ ಬರತೈತಿ” ಎಂದ. ಜನ ಗೊಳ್ಳೆಂದು ನಕ್ಕರು. ನಗು ಬಂದದ್ದೇ ಒಳ್ಳೆಯದಾಯಿತು, ಗದ್ದಲ ಇಳಿಯಿತು.

ಹುಲಿಗೆಮ್ಮ ನಗಲಿಲ್ಲ. ಮರದ ಕಡೆ ನೋಡಿ, “ಆ ಗಂಟು ಇಳಿಸಿ ಹುಗದ್ರ ನನ್ನ ಕಾಳಿ ದಿನ ತುಂಬಸ್ತಾಳೇನ್ರಿ?” ಎಂದಳು. ಕಾಳಿ ಅವಳು ಬೆರಳಿನಿಂದ ಹಾಲು ಚೀಪಿಸಿ ಸಾಕಿದ ಆಕಳು. ಅದೂ ಗಬ್ಬವಾಗಿತ್ತು.

“ಗೊತ್ತಿಲ್ಲವ್ವ. ಮಾತು ಕೊಡ್ಲಿಕ್ಕೆ ಆಗೂದಿಲ್ಲ.”

“ಆತು. ಕಾಳಿ ಜೀವಂತ ಕರಾ ಹಾಕ್ಲಿ, ಸೊಸಿ ಇರ್ಲಿ. ಇಲ್ಲಾ, ಹೋಗ್ಲಿ.”

ಹಿರಿಯರು ಒಪ್ಪಿದರು. ಆದರೆ ಗಂಟು ಇಳಿಸಲು ಯಾರೂ ಏಳಲಿಲ್ಲ. ಆಲಕ್ಕೆ ಕಟ್ಟಿದ್ದನ್ನು ಇಳಿಸಿದರೆ ಹಾಲು ಬತ್ತುತ್ತದೆ ಎಂಬ ಹೆದರಿಕೆ. ನಿಜ ಹೇಳುತ್ತೇನೆ, ನಾನೂ ಗೊಲ್ಲರವನು, ನನ್ನ ಕಾಲೂ ಏಳಲಿಲ್ಲ. ಕಡೆಗೆ ಗಂಗವ್ವ ಸೀರೆ ಎತ್ತಿ ಕಟ್ಟಿ ಮರದ ಕಡೆ ನಡೆದಳು. “ಹೆಂಗೂ ಕೆಟ್ಟ ಕಾಲು. ನಾನ ಹತ್ತತೀನಿ” ಎಂದಳು. ಅವಳ ಬಾಯಿಂದ ಮೊದಲ ಸಲ ಜೋರು ಮಾತು ಕೇಳಿದ್ದು ಆಗಲೇ.

ಹುಲಿಗೆಮ್ಮ ಚೀರಿದಳು. “ಏ ಹುಚ್ಚಿ! ಹೊಟ್ಟ್ಯಾಗ ಕೂಸು ಇಟ್ಕೊಂಡು ಮರ ಹತ್ತತೀಯೇನ?”

ಎಲ್ಲರೂ ಬೆಚ್ಚಿದರು. ಬಸುರಿಯನ್ನು ಕಳಿಸಲು ಹೊರಟಿದ್ದರು! ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಾಯರು ಗಂಗವ್ವನ ಅಡ್ಡ ನಿಂತು, “ಇದನ್ನ ನೀ ಮುಟ್ಟಬ್ಯಾಡ. ಕೊಟ್ಟಿಗಿ ಕೆಲಸಾನೂ ಬಿಡು. ಯಾಕ ಅಂತ ನನಗೂ ಸರಿಯಾಗಿ ಗೊತ್ತಿಲ್ಲ, ನನಗ್ಯಾಕೋ ಅಂಜಿಕಿ ಆಗ್ತದ” ಎಂದರು. ಆಮೇಲೆ ಕಚ್ಚೆ ಬಿಗಿದು, ಶಲ್ಯ ನನ್ನ ಕೈಗೆ ಕೊಟ್ಟು, ತಾವೇ ಮರ ಹತ್ತಿದರು.

ಊರಿಗೆ ಊರೇ ಬಾಯಿ ತೆರೆದು ನಿಂತಿತ್ತು. ಬ್ರಾಹ್ಮಣ ಮರ ಹತ್ತಿ ಆಕಳ ಮಾಸು ಇಳಿಸುವುದನ್ನು ಯಾರು ಕಂಡಿದ್ದರು? ಒಂದೊಂದೇ ಗಂಟು ಬಿಚ್ಚಿ ಕೆಳಗೆ ಬಿಡುತ್ತಿದ್ದರು, ಅದರ ರಸ ಅವರ ತೋಳಿನ ಮುದ್ರೆಯ ಮೇಲೆ ಇಳಿಯುತ್ತಿತ್ತು. ಆಗ ನನಗೆ ನಾಚಿಕೆಯಾಗಿ ಗುದ್ದಲಿ ಹಿಡಿದೆ. ಈರಣ್ಣನೂ ಬಂದ. ಗುಂಡಿಗೆ ಹಾಕಿ ಸುಟ್ಟು, ಸುಣ್ಣ ಸುರಿದು, ಮುಚ್ಚಿ, ಮೇಲೆ ಕಲ್ಲು ಹೇರಿದೆವು. ಈ ಸಲ ರಾಯರು ಕಲ್ಲು ಹೇರುವ ತನಕ ಅಲುಗಲಿಲ್ಲ. ಬಳುವಳಿ ಆಕಳನ್ನು ಹೊಳೆಯ ಆಚೆ ಹೊಲದಲ್ಲಿ ಒಂಟಿಯಾಗಿ ಕಟ್ಟಿಸಿದರು, ಸಂತೆಗೆ ಹೊಡೆಯಬಾರದೆಂದು ಈರಣ್ಣನಿಂದ ಆಣೆ ಮಾಡಿಸಿಕೊಂಡರು. ಕಾಳಿಯನ್ನು ಮರದ ನೆರಳಿಗೆ ಬಿಡದೆ ಮನೆಯ ಮುಂದೆ ಬೇರೆಯೇ ಕಟ್ಟಿದರು.

ಆಮೇಲೆ ಕಾದೆವು. ಆ ಊರಿನಲ್ಲಿ ಮತ್ತೆ ಕೆಲವು ಆಕಳು ಕಂದು ಹಾಕಿದವು ಎಂದು ಸುದ್ದಿ ಬರುತ್ತಿತ್ತು, ಪ್ರತಿ ಸಲವೂ ಕಾಳಿಯದೇನು ಎಂದು ಮೊದಲು ಕೇಳುತ್ತಿದ್ದೆ. ರಾಯರಿಗೆ ಜ್ವರ ಹಿಡಿಯಿತು. ಸಂಜೆಯಾದರೆ ಏರುವುದು, ಬೆವರಿ ಇಳಿಯುವುದು, ವಾರ ಬಿಟ್ಟು ಮತ್ತೆ ಬರುವುದು. ಚಳಿಜ್ವರಕ್ಕೆ ಕೊಡುವ ಕೊಯಿನಾ ನುಂಗಿದರು, ಜ್ವರ ಕೇಳಲಿಲ್ಲ. ಕೀಲುಗಳೆಲ್ಲ ಹಿಡಿದುಕೊಂಡವು.

ಒಂದು ಬೆಳಿಗ್ಗೆ ಸಿರುಗುಪ್ಪದ ನಮ್ಮ ಬಿಡಾರದ ಮುಂದೆ ಹುಲಿಗೆಮ್ಮ ಬಂದು ನಿಂತಳು. ತಲೆಯ ಮೇಲೆ ಗಡಿಗೆ. ಅವಳ ಮುಖದಿಂದ ಏನೂ ತಿಳಿಯಲಿಲ್ಲ. ರಾಯರು ಗೋಡೆ ಹಿಡಿದು ಎದ್ದರು. ಅವಳು ಗಡಿಗೆ ಇಳಿಸಿ ಮುಚ್ಚಳ ತೆಗೆದಳು. ಗಿಣ್ಣದ ಹಾಲು!

“ಹೆಣ್ಣುಗರಾ ರಾಯರ. ಎದ್ದು ಕುಣದಾಡತೈತಿ.”

ರಾಯರ ಕಣ್ಣು ತುಂಬಿದವು. ಆದರೂ ಬಿಡಲಿಲ್ಲ. “ಮಾಸು ಏನ ಮಾಡಿದಿ?”

“ಹುಗದು ಸುಣ್ಣಾ ಹಾಕೀನ್ರಿ.” ಆಮೇಲೆ ದನಿ ತಗ್ಗಿಸಿ, “ಮರಕ್ಕ ಒಂದು ಗಂಟೂ ಕಟ್ಟೀನಿ. ಗಾಬರಿ ಆಗಬ್ಯಾಡ್ರಿ, ಒಳಗ ಏನಿಲ್ಲ, ಬರೇ ಹುಲ್ಲು. ಮರ ಮುನಿಸಿಕೋಬಾರದಲ್ರಿ” ಎಂದಳು.

ಗಂಗವ್ವ ಉಳಿದಳು. ಅವಳು ಹೆತ್ತ ಹೆಣ್ಣುಮಗುವೇ ಮುಂದೆ ನನ್ನ ಸೊಸೆಯಾಗಿ ಬಂದಳು. ಗೋಪಾಲ ಅವಳ ಮಗ. ಈಗ ತಿಳಿಯಿತೇ ನಾನು ಎಮ್ಮೆಗಳನ್ನು ಏಕೆ ನಿಲ್ಲಿಸಿ ಮಾತಾಡಿಸುತ್ತೇನೆ ಅಂತ?

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ದೊಡ್ಡ ಬ್ಯಾನಿಯಿಂದ ಸತ್ತ ದನದ ಪಿತ್ತ ತೆಗೆದು ಚೆನ್ನಾಗಿರುವ ದನಕ್ಕೆ ಚುಚ್ಚಬೇಕೆಂದು ಮೇಲಿನಿಂದ ಹುಕುಂ ಬಂದಾಗ, ಇದೇನು ವಿಷ ಹಾಕುವುದೇ ಎಂದು ನಾನು ಸೂಜಿ ಕೆಳಗಿಟ್ಟುಬಿಟ್ಟಿದ್ದೆ. ಚುಚ್ಚಿದ ದನ ಉಳಿದವು. ಅದೂ ಒಂದು ಆಘಾತವೇ, ಆದರೆ ಸಿಹಿ ಆಘಾತ. ಅದನ್ನು ರಾಯರು ನೋಡಿದರು, ಕೋಲು ಊರಿಕೊಂಡು ಬಂದು ನೋಡಿದರು.

ಮೊನ್ನೆ ಗೋಪಾಲ ತನ್ನ ಪುಸ್ತಕ ತೆಗೆದು, ಕಂದು ಹಾಕಿಸುವ ಆ ಬ್ಯಾನಿ ಮನುಷ್ಯರಿಗೂ ಹತ್ತುತ್ತದೆ ಎಂದು ಓದಿ ಹೇಳಿದ. ಮಾಸು ಮುಟ್ಟಿದರೆ, ಹಸಿ ಹಾಲು ಕುಡಿದರೆ. ಬಂದು ಹೋಗುವ ಜ್ವರ, ಬೆವರು, ಕೀಲುನೋವು. ನಾನು ಊಟದ ತಟ್ಟೆ ಸರಿಸಿ ಎದ್ದುಬಿಟ್ಟೆ. ರಾಯರಿಗೆ ಆ ಜ್ವರ ಹತ್ತಿದ್ದು ಆಲದ ಮರದ ಮೇಲೆ! ಅವರು ತಮಗೇ ಗೊತ್ತಿಲ್ಲದ ಅಂಜಿಕೆಯಿಂದ ಆ ಬಸುರಿಯನ್ನು ತಡೆದು, ತಾವು ಹತ್ತಿದ್ದರು. ಈ ಮಾತನ್ನು ಹೋಗಿ ಹೇಳೋಣವೆಂದರೆ ಈಗ ರಾಯರು ಇಲ್ಲ.

ಇವತ್ತು ಮನೆಯಲ್ಲಿ ಮದುವೆಯ ಗಡಿಬಿಡಿ. ಗೋಪಾಲನ ತಂಗಿಗೆ ಮದುವೆ. ಬೀಗತಿ ಗಂಗವ್ವ ಮೊಮ್ಮಗಳಿಗೆ ಬಳುವಳಿ ಕೊಡಲು ಕೆಂಚನಗುಡ್ಡದಿಂದ ಆಕಳು ಹೊಡೆದುಕೊಂಡು ಬಂದಳು. ಕಾಳಿಯ ವಂಶದ್ದೇ, ಅದರ ಹಾಗೇ ಕಪ್ಪು. ಗೋಪಾಲ ಅದನ್ನು ಒಳಗೆ ಬಿಡಲಿಲ್ಲ. ಬೇವಿನ ಗಿಡಕ್ಕೆ ಬೇರೆ ಕಟ್ಟಿಸಿ, ಕುತ್ತಿಗೆಯಿಂದ ಗಾಜಿನ ನಳಿಗೆಗೆ ರಕ್ತ ತೆಗೆದ. “ಅಜ್ಜಿ, ಇದನ್ನ ರೈಲಿನ್ಯಾಗ ಕಳಸ್ತೀನಿ. ಬ್ಯಾನಿ ಇಲ್ಲ ಅಂತ ಉತ್ತರ ಬರೂತನಕ ಆಕಳ ಬೀಗರ ಮನಿಗೆ ಹೋಗಂಗಿಲ್ಲ” ಎಂದ.

ಗಂಗವ್ವ ಆ ಕೆಂಪು ನಳಿಗೆಯನ್ನು ಬಗ್ಗಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ನೋಡಿದ್ರೇನ್ರಿ ಬೀಗರ? ಅವತ್ತ ಯಾರಾರ ನನ್ನ ಆಕಳ ರಕ್ತ ನೋಡಿದ್ರ, ನನ್ನ ಕಾಲು ನೋಡತಿದ್ದಿಲ್ಲ.”

“ಅಜ್ಜಿ, ಆ ಕಾಲು ಈಚೆ ತಗಿ, ಆಕಳ ತುಳೀತೈತಿ” ಎಂದ ಗೋಪಾಲ, ನಳಿಗೆಯಿಂದ ಕಣ್ಣು ತೆಗೆಯದೆ.